ಗಾಜಿನ ಪೆಟ್ಟಿಗೆಯ ಸೈಕಲ್ಲು

“ಮುಟ್ಟಬೇಡಮ್ಮ, ಅದು ಹಿಸ್ಟರಿ,” ಎಂದರು ವಾಗೀಶ.

ಬಿಂದು ಮುಟ್ಟಿರಲಿಲ್ಲ. ಸೈಕಲ್ಲಿನ ಸುತ್ತ ಗಾಜಿನ ಪೆಟ್ಟಿಗೆ ಇತ್ತು, ಮುಟ್ಟಬೇಕೆಂದರೂ ಆಗುತ್ತಿರಲಿಲ್ಲ. ಅವಳು ನೆಲಕ್ಕೆ ಮಂಡಿಯೂರಿ, ಕತ್ತು ಓರೆ ಮಾಡಿ, ಸೀಟಿನ ಕೆಳಗಿನ ಪೈಪನ್ನು ನೋಡುತ್ತಿದ್ದಳು, ಅಷ್ಟೆ.

ಕಡಕೊಳದ ಸಾರಿನ ಪುಡಿ ಕಾರ್ಖಾನೆ ನೋಡಲು ಅವಳ ಐದನೇ ಕ್ಲಾಸಿನ ಮಕ್ಕಳೆಲ್ಲ ಬಂದಿದ್ದರು. ಪೆಟ್ಟಿಗೆಯ ಮೇಲೆ ಹಿತ್ತಾಳೆಯ ಬೋರ್ಡು ಹೊಳೆಯುತ್ತಿತ್ತು: ‘1987ರಲ್ಲಿ ನಮ್ಮ ಸಂಸ್ಥಾಪಕರಾದ ಶ್ರೀ ಕೃಷ್ಣಸ್ವಾಮಿಯವರು ಇದೇ ಸೈಕಲ್ ತುಳಿದು, ಬಿಸಿಲು ಮಳೆ ಎನ್ನದೆ ಮನೆಮನೆಗೆ ಸಾರಿನ ಪುಡಿ ಮಾರಿದರು.’ ಆ ಬೋರ್ಡನ್ನು ಬರೆಸಿದವರು ವಾಗೀಶ. ಕಂಪನಿಯ ಪ್ರಚಾರವೆಲ್ಲ ಅವರದೇ.

ಪೈಪಿನ ಹಿಂಬದಿಯಲ್ಲಿ, ಯಾರೂ ಬಗ್ಗಿ ನೋಡದ ಕಡೆ, ಸ್ಕ್ರೂಡ್ರೈವರಿನಿಂದ ಗೀಚಿದ ಎರಡು ಸೊಟ್ಟ ಅಕ್ಷರ ಇತ್ತು: ಬಿಂದು.

“ಸರ್, ಇದು ನಮ್ ತಾತನ ಅಂಗಡೀಲಿದ್ದ ಸೈಕಲ್ಲು,” ಎಂದಳು ಅವಳು.

ವಾಗೀಶ ನಕ್ಕರು. ಹಳೇ ಸೈಕಲ್ಲುಗಳೆಲ್ಲ ನೋಡಲು ಒಂದೇ ಥರ ಇರುತ್ತವೆ ಎಂದರು. ಆಮೇಲೆ ಬೇಗಬೇಗನೆ ಎಲ್ಲರನ್ನೂ ಮೆಣಸಿನಕಾಯಿ ಹುರಿಯುವ ಕಡೆಗೆ ಕರೆದುಕೊಂಡು ಹೋದರು. ಅಲ್ಲಿ ನಲವತ್ತು ಮಕ್ಕಳೂ ಒಟ್ಟಿಗೆ ಸೀನತೊಡಗಿದರು. ಅದಾದ ಮೇಲೆ ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಶುಕ್ರವಾರ ಶಾಲೆಯಲ್ಲಿ ‘ಉದ್ಯಮಿಗಳ ಜೀವನ ಕತೆ’ ಕಾರ್ಯಕ್ರಮವಿತ್ತು. ರಂಜನಿ ಮಿಸ್ ನಾಲ್ಕು ಮಕ್ಕಳನ್ನು ಆರಿಸಿ, ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟಿದ್ದರು. ಹಾಳೆಯಲ್ಲಿ ನಾಲ್ಕು ಚೌಕ: ಬಡತನ, ಅವಮಾನ, ಛಲ, ಯಶಸ್ಸು. ಯಾವ ಚೌಕವನ್ನೂ ಖಾಲಿ ಬಿಡುವಂತಿರಲಿಲ್ಲ.

ಸಮರ್ಥನಿಗೆ ಬೂಟು ಮಾಡಿದವರ ಕತೆ, ಸಿದ್ದುಗೆ ಬಿಸ್ಕತ್ತು ಮಾಡಿದವರ ಕತೆ, ಸಮನ್ವಿತಾಗೆ ಬೀಗ ಮಾಡಿದವರ ಕತೆ. ಮೂವರೂ ಬರೆದುಕೊಂಡು ಬಂದಾಗ ನೋಡಿದರೆ, ಮೂವರು ಉದ್ಯಮಿಗಳೂ ಬೀದಿ ದೀಪದ ಕೆಳಗೆ ಕೂತು ಓದಿದವರೇ. ಅವರಲ್ಲಿ ಒಬ್ಬರ ಕಾಲಕ್ಕೆ ಕರೆಂಟೇ ಬಂದಿರಲಿಲ್ಲ. ಸೀಮೆಎಣ್ಣೆ ದೀಪ ಅಂತ ಬರಿ, ಪರವಾಗಿಲ್ಲ ಎಂದರು ಮಿಸ್.

“ಬೀದಿ ದೀಪ ಇಲ್ದಿದ್ರೆ ದೇಶದಲ್ಲಿ ಒಂದ್ ಫ್ಯಾಕ್ಟ್ರಿನೂ ಇರ್ತಿರ್ಲಿಲ್ಲ ಕಣೋ,” ಎಂದ ಸಿದ್ದು.

ಬಿಂದುಗೆ ಸಿಕ್ಕಿದ್ದು ಎಲ್ಲಕ್ಕಿಂತ ದೊಡ್ಡ ಕತೆ. ಕೃಷ್ಣಸ್ವಾಮಿಯವರೇ ಅವತ್ತು ಮುಖ್ಯ ಅತಿಥಿ. ಶಾಲೆಗೆ ಲೈಬ್ರರಿ ಕಟ್ಟಿಸಿಕೊಡುವವರೂ ಅವರೇ. ಅವರ ಎದುರಿಗೇ, ಮೈಕಿನಲ್ಲಿ, ಅವರ ಕತೆ ಹೇಳಬೇಕು. ತಾತ ನಂಜಯ್ಯ ಈ ಸುದ್ದಿಯನ್ನು ಕೆಸರೆಯ ತಮ್ಮ ಬೀದಿಗೆಲ್ಲ ಹಂಚಿ, ಶುಕ್ರವಾರ ಅಂಗಡಿಗೆ ರಜ ಅಂತಲೂ ಹೇಳಿಬಿಟ್ಟಿದ್ದರು. ಹಬ್ಬಕ್ಕೂ ಬಾಗಿಲು ಹಾಕದ ಸೈಕಲ್ ಅಂಗಡಿ ಅದು.

ಕಾರ್ಖಾನೆ ನೋಡಿ ಬಂದ ದಿನ ಸಂಜೆ ಬಿಂದು ಅಂಗಡಿಯ ಮುಂದೆ ಬ್ಯಾಗು ಇಳಿಸಿ, ಗಾಜಿನ ಪೆಟ್ಟಿಗೆಯ ಸೈಕಲ್ಲಿನ ವಿಷಯ ಹೇಳಿದಳು. ತಾತನಿಗೆ ಆಶ್ಚರ್ಯವೇನೂ ಆಗಲಿಲ್ಲ. ಎರಡು ವರ್ಷದ ಹಿಂದೆ ಕಾರಿನಲ್ಲಿ ಒಬ್ಬರು ಬಂದು, ಹಳೇ ಸೈಕಲ್ ಬೇಕು ಅಂದಿದ್ದರಂತೆ. ಹಾಲಿನ ಹುಚ್ಚಯ್ಯ ಬಿಟ್ಟು ಹೋಗಿದ್ದ ಸೈಕಲ್ಲು ಮೂಲೆಯಲ್ಲಿತ್ತು. ತಾತ ಅದನ್ನು ಎರಡು ದಿನ ಕೂತು ಉಜ್ಜಿ, ಎಣ್ಣೆ ಹಾಕಿ, ಹೊಸ ಬ್ರೇಕ್ ಕೂರಿಸಿ ಕೊಟ್ಟಿದ್ದರು.

“ತುಕ್ಕೆಲ್ಲ ಎಲ್ಲೋಯ್ತು ಅಂತ ಬೇಜಾರು ಮಾಡ್ಕಂಡ ಕಣವ್ವ ಆ ಮನ್ಸ. ಅವನಿಗೆ ತುಕ್ಕೇ ಬೇಕಾಗಿತ್ತಂತೆ. ಮೊದ್ಲೇ ಹೇಳಿದ್ರೆ ಅಂಗೇ ಬುಡ್ತಿದ್ದೆ.”

“ಹುಚ್ಚಯ್ಯ ಅದನ್ನ ಯಾವಾಗ ತಗೊಂಡಿದ್ದು ತಾತ?”

ಹುಚ್ಚಯ್ಯನ ಮಗಳ ಮದುವೆಯ ವರ್ಷ, 1998ರಲ್ಲಿ, ಇದೇ ಅಂಗಡಿಯಲ್ಲಿ ಹೊಸದಾಗಿ ಜೋಡಿಸಿಕೊಟ್ಟದ್ದು ಎಂದರು ತಾತ. ಬಿಂದು ಲೆಕ್ಕ ಹಾಕಿದಳು. ಕಂಪನಿ ಹುಟ್ಟಿ ಹನ್ನೊಂದು ವರ್ಷದ ಮೇಲೆ ಸೈಕಲ್ಲು ಹುಟ್ಟಿತ್ತು.

ಅವಳು ಸೈಕಲ್ ಕಲಿತದ್ದೂ ಅದರಲ್ಲೇ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿಯುತ್ತಿದ್ದಾಗ, ಹಿಂದಿನಿಂದ ತಾತ ‘ಹಿಡ್ಕಂಡಿವ್ನಿ, ಹಿಡ್ಕಂಡಿವ್ನಿ’ ಅನ್ನುತ್ತಲೇ ಇದ್ದರು. ತಿರುಗಿ ನೋಡಿದರೆ ತಾತ ದೂರದಲ್ಲಿ ಅಂಗಡಿಯ ಹತ್ತಿರವೇ ನಿಂತಿದ್ದರು. ನೋಡಿದ್ದೇ ತಡ, ಅವಳು ಬಿದ್ದಳು. ಸುಳ್ಳು ಹೇಳಿದ್ರಿ ಅಂತ ಅವತ್ತೆಲ್ಲ ತಾತನ ಜೊತೆ ಮಾತು ಬಿಟ್ಟಿದ್ದಳು. ಪೈಪಿನ ಮೇಲೆ ಹೆಸರು ಗೀಚಿದ್ದು ಆ ಸಿಟ್ಟಿನಲ್ಲೇ.

ಮಾರನೇ ದಿನ ಅವಳು ರಂಜನಿ ಮಿಸ್‌ಗೆ ಎಲ್ಲವನ್ನೂ ಹೇಳಿದಳು. ಮಿಸ್ ಸುತ್ತ ನೋಡಿ ದನಿ ಇಳಿಸಿದರು.

“ಕತೆ ಚೆನ್ನಾಗಿದೆ, ಯಾರಿಗೂ ತೊಂದ್ರೆ ಇಲ್ಲ. ಲೈಬ್ರರಿ ಬೇರೆ ಬರ್ತಿದೆ. ನಿನಗೆ ಹೇಳಕ್ಕಾಗಲ್ಲ ಅಂದ್ರೆ ಹೇಳ್ಬಿಡು ಬಿಂದು. ಸಮರ್ಥ ಅದನ್ನೂ ಬಾಯಿಪಾಠ ಮಾಡಿದಾನೆ.”

ಸಮರ್ಥ ಯಾವುದನ್ನು ಕೊಟ್ಟರೂ ಬಾಯಿಪಾಠ ಮಾಡುತ್ತಿದ್ದ. ಹೇಳಿದರೆ ಸುಳ್ಳು. ಹೇಳದಿದ್ದರೆ ಮೈಕು ಸಮರ್ಥನ ಕೈಗೆ, ತಾತ ಅಂಗಡಿ ಮುಚ್ಚಿ ಬಂದು ಸಮರ್ಥನನ್ನು ನೋಡಿಕೊಂಡು ಹೋಗಬೇಕು.

ರಾತ್ರಿ ಅವಳು ಇದನ್ನೆಲ್ಲ ಹೇಳಿದಾಗ, ರಾಗಿ ರೊಟ್ಟಿ ಮುರಿಯುತ್ತಾ ತಾತ ಒಂದೇ ಮಾತು ಹೇಳಿದರು. “ಕಂಡಿದ್ನ ಕಂಡೆ ಅನ್ನು, ಕೇಳಿದ್ನ ಕೇಳ್ದೆ ಅನ್ನು. ಅಷ್ಟೇಯ.”

ಶುಕ್ರವಾರ ಸೈಕಲ್ಲೂ ಗಾಜಿನ ಪೆಟ್ಟಿಗೆ ಬಿಟ್ಟು ಶಾಲೆಗೆ ಬಂತು. ವಾಗೀಶ ಅದಕ್ಕೆ ಚೆಂಡುಹೂವಿನ ಹಾರ ಹಾಕಿಸಿ, ಮೈದಾನದ ವೇದಿಕೆಯ ಪಕ್ಕ ನಿಲ್ಲಿಸಿದರು. ಕೃಷ್ಣಸ್ವಾಮಿಯವರಿಗೆ ಅದಕ್ಕಿಂತ ಸಣ್ಣ ಹಾರ. ಅರವತ್ತನಾಲ್ಕು ವರ್ಷದ, ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಮೂವರು ಉದ್ಯಮಿಗಳು ಒಬ್ಬರಾದ ಮೇಲೊಬ್ಬರು ಬೀದಿ ದೀಪದ ಕೆಳಗೆ ಓದುವಷ್ಟು ಹೊತ್ತೂ ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಬಿಂದು ಮೈಕಿನ ಮುಂದೆ ನಿಂತಳು. ಸಾರಿನ ಪುಡಿ 1987ರಲ್ಲಿ ಶುರುವಾಯಿತು ಎಂದಳು. ಈಗ ಕಾರ್ಖಾನೆಯಲ್ಲಿ ನೂರಾ ಹತ್ತು ಜನ ಕೆಲಸ ಮಾಡುತ್ತಾರೆ, ಹಾಜರಿ ಬೋರ್ಡಿನಲ್ಲಿ ನಾನೇ ಓದಿದೆ ಎಂದಳು. ಆಮೇಲೆ ಒಂದು ಸಲ ತಾತನ ಕಡೆ ನೋಡಿದಳು.

“ಇದೇ ಸೈಕಲ್ ತುಳಿದು ಅವರು ಮನೆಮನೆಗೆ ಪುಡಿ ಮಾರಿದರು ಎಂದು ಕಂಪನಿಯ ಬೋರ್ಡಿನಲ್ಲಿ ಬರೆದಿದೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ತಾತ ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟಿದರು. ಕೃಷ್ಣಸ್ವಾಮಿಯವರು ಮಾತ್ರ ತಟ್ಟಲಿಲ್ಲ. ಗಡಿಯಾರ ಬಿಟ್ಟು, ತಲೆ ಎತ್ತಿ ಅವಳನ್ನೇ ನೋಡಿದರು.

ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ಹೆಡ್‌ಮಿಸ್ ಸರೋಜಮ್ಮನವರಿಗೆ ಒಂದು ಆಸೆ ಹುಟ್ಟಿತು. ಸಂಸ್ಥಾಪಕರು ಅದೇ ಸೈಕಲ್ಲಿನಲ್ಲಿ ಮೈದಾನಕ್ಕೆ ಒಂದು ಸುತ್ತು ಹಾಕಿದರೆ ಮಕ್ಕಳಿಗೆ ಸ್ಫೂರ್ತಿ ಬರುತ್ತದೆ, ಫೋಟೋನೂ ಚೆನ್ನಾಗಿ ಬರುತ್ತದೆ ಎಂದು ಮೈಕಿನಲ್ಲೇ ಕೇಳಿಬಿಟ್ಟರು. ಮಕ್ಕಳೆಲ್ಲ ಕೂಗಿದರು. ವಾಗೀಶ ಬಿಳಿಚಿಕೊಂಡರು.

ಕೃಷ್ಣಸ್ವಾಮಿಯವರು ಇಳಿದು ಬಂದು ಸೈಕಲ್ ಹಿಡಿದರು. ಬಿಸಿ ಪಾತ್ರೆಯ ಕಿವಿ ಹಿಡಿಯುವ ಹಾಗೆ ಹ್ಯಾಂಡಲ್ ಹಿಡಿದರು. ನಿಂತದ್ದು ಚೈನಿನ ಕಡೆ, ಯಾರೂ ಸೈಕಲ್ ಹತ್ತದ ಬದಿಯಲ್ಲಿ. ಸ್ಟ್ಯಾಂಡ್ ತೆಗೆಯಬೇಕೆಂಬುದೂ ಅವರಿಗೆ ಹೊಳೆದಂತಿರಲಿಲ್ಲ.

ಸೈಕಲ್ ಅಂಗಡಿಯ ಹುಡುಗಿಗೆ ಅಷ್ಟು ಸಾಕಾಗಿತ್ತು. ಅವರಿಗೆ ಸೈಕಲ್ ಬರುವುದಿಲ್ಲ. ಇಡೀ ಶಾಲೆ ನೋಡುತ್ತಿದೆ.

“ಮಿಸ್, ಇದರ ಬ್ರೇಕ್ ಸರಿಯಿಲ್ಲ,” ಬಿಂದು ಗಟ್ಟಿಯಾಗಿ ಹೇಳಿದಳು. “ನಾನು ತಳ್ತೀನಿ, ಸರ್ ಜೊತೇಲಿ ನಡೀಲಿ.”

ಹಿಂದಿನ ಸಾಲಿನಲ್ಲಿ ತಾತ ಧಡಕ್ಕನೆ ಎದ್ದು ನಿಂತರು. ತಾವು ಕೂರಿಸಿದ ಬ್ರೇಕು ಸರಿಯಿಲ್ಲ ಎಂದು ಇಡೀ ಶಾಲೆಯ ಎದುರು ಹೇಳಿಸಿಕೊಂಡದ್ದು ಅವರ ಜೀವನದಲ್ಲಿ ಅದೇ ಮೊದಲು. ಮೊಮ್ಮಗಳ ಮುಖ ನೋಡಿ, ಬಾಯಿ ಮುಚ್ಚಿಕೊಂಡು ಕೂತರು.

ಇಬ್ಬರೂ ಮೈದಾನದ ಅಂಚಿನಲ್ಲಿ ನಡೆದರು. ವೇದಿಕೆ ದೂರವಾದ ಮೇಲೆ ಕೃಷ್ಣಸ್ವಾಮಿಯವರು ಕೇಳಿದರು. “ಬ್ರೇಕ್ ನಿಜವಾಗ್ಲೂ ಕೆಟ್ಟಿದ್ಯೇನಮ್ಮ?”

“ಇಲ್ಲ ಸರ್. ನಮ್ ತಾತ ಹಾಕಿರೋ ಬ್ರೇಕು, ಕೆಡಲ್ಲ.”

ಕೃಷ್ಣಸ್ವಾಮಿಯವರು ಒಮ್ಮೆ ವೇದಿಕೆಯ ಕಡೆ ತಿರುಗಿ ನೋಡಿದರು.

“ನಾನು ಪುಡಿ ಮಾರಿದ್ದು ನಮ್ಮ ಮಾವನವರ ಫಿಯೆಟ್ ಕಾರಲ್ಲಿ. ಪುಡಿ ಮಾಡಿದ್ದು ನಮ್ಮಮ್ಮ. ಮೊದಲು ಪ್ಯಾಕೆಟ್ ಮೇಲೆ ಅವರದೇ ಫೋಟೋ ಇತ್ತು. ಕಾರಲ್ಲಿ ಶುರು ಮಾಡಿದವರ ಕತೆ ಯಾರೂ ಕೇಳಲ್ಲ ಸರ್, ಅಂದ ವಾಗೀಶ. ಆಮೇಲೆ ಸೈಕಲ್ ಬಂತು. ನಾನೂ ಬೇಡ ಅನ್ನಲಿಲ್ಲ,” ಎಂದರು.

ಬಿಂದು ಸೈಕಲ್ ನಿಲ್ಲಿಸಿ, ಸೀಟಿನ ಕೆಳಗಿನ ಪೈಪು ತೋರಿಸಿದಳು. ಅವರು ಬಗ್ಗಿ, ಕನ್ನಡಕ ಹಣೆಗೇರಿಸಿ, ಆ ಎರಡು ಅಕ್ಷರವನ್ನು ಬಹಳ ಹೊತ್ತು ಓದಿದರು. ಮಕ್ಕಳು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಕೆಸರೆಯ ಅಂಗಡಿಯ ಮುಂದೆ ಒಂದು ಲಗೇಜ್ ಆಟೋ ನಿಂತಿತು. ಹಿಂದೆ ಸೈಕಲ್ಲು, ಮುಂದೆ ಡ್ರೈವರ್ ಪಕ್ಕದಲ್ಲಿ ಕೃಷ್ಣಸ್ವಾಮಿಯವರು. ಅವರ ಜೇಬಿನಲ್ಲಿ ಫೋನು ಬಿಡದೆ ಹೊಡೆದುಕೊಳ್ಳುತ್ತಿತ್ತು.

“ಗಾಜಿನ ಪೆಟ್ಟಿಗೇಲಿ ಈಗ ಏನಿಡೋದು ಅಂತ ವಾಗೀಶ ಕೇಳ್ತಿದಾನೆ,” ಎಂದರು ಅವರು. “ನಂಜಯ್ಯನವರೇ, ಅರವತ್ತನಾಲ್ಕಕ್ಕೆ ಸೈಕಲ್ ಕಲಿಯಕ್ಕಾಗುತ್ತಾ?”

“ಸೀಟು ಇಳಿಸ್ಕೊಡ್ತೀನಿ ಬುಡಿ. ಕಲ್ಸೋದು ಬೇಕಾದ್ರೆ ನಮ್ ಹುಡ್ಗಿ ಕಲಿಸ್ತಾಳೆ,” ಎಂದರು ತಾತ.

ಹತ್ತೂವರೆಯ ಹೊತ್ತಿಗೆ ಅವರು ಎರಡು ಸಲ ಬೇಲಿಗೆ, ಒಂದು ಸಲ ಸಿದ್ದುಗೆ ಗುದ್ದಿದ್ದರು. ಪ್ಯಾಂಟಿಗೆ ಚೈನಿನ ಎಣ್ಣೆ ಮೆತ್ತಿಕೊಂಡಿತ್ತು. ನಾಲ್ಕನೇ ಸಲ ಹ್ಯಾಂಡಲ್ ಓಲಾಡುವುದು ನಿಂತಿತು. ಬಿಂದು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದಳು.

“ಹಿಡ್ಕೊಂಡಿದ್ದೀಯ ತಾನೇ?” ಅವರು ನೇರ ಮುಂದೆ ನೋಡುತ್ತಲೇ ಕೂಗಿ ಕೇಳಿದರು.

“ಹಿಡ್ಕೊಂಡಿದ್ದೀನಿ ಸರ್. ಹಿಂದೆ ತಿರುಗ್ಬೇಡಿ.”

ಅವಳ ಎರಡೂ ಕೈ ಖಾಲಿ ಇದ್ದವು. ಓಡುವುದನ್ನು ನಿಲ್ಲಿಸಿ, ಏದುಸಿರು ಬಿಡುತ್ತಾ ಅಂಗಡಿಯ ಕಡೆ ನೋಡಿದಳು. ತಾತ ಏನೂ ಕೇಳಿಸದವರ ಹಾಗೆ ತಲೆ ತಗ್ಗಿಸಿ, ಯಾವುದೋ ಚೈನಿಗೆ ಎಣ್ಣೆ ಬಿಡುತ್ತಿದ್ದರು.

ಬೀದಿಯ ಕೊನೆಯಲ್ಲಿ ಬೆಲ್ಲು ಕೇಳಿಸಿತು. ಬಿಂದು ಮತ್ತೆ ಓಡಿದಳು. ತಿರುಗಿಸುವುದು ಹೇಗೆಂದು ಅವರಿಗೆ ಇನ್ನೂ ಹೇಳಿಕೊಟ್ಟಿರಲಿಲ್ಲ.