ಅಜ್ಜಿಯ ಸ್ಟೂಲಿಗೆ ಕಾಲು ಜೋಡಿಸಿದವರು

"ಕೊರಳಲ್ಲಿರೋದನ್ನ ತೆಗೀರಿ ಮೊದಲು!"

ಟೀಚರ್ ಕೂಗಿದ ರಭಸಕ್ಕೆ ಮಕ್ಕಳೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡಿದರು. ಅಷ್ಟರಲ್ಲಿ ಅವಳು ಗೋಡೆಯ ಮೇಲಿನ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿ ಆಗಿತ್ತು. ವರ್ಕ್‌ಶಾಪಿನ ಯಂತ್ರಗಳೆಲ್ಲ ಒಟ್ಟಿಗೆ ನಿಂತವು.

ಡ್ರಿಲ್ಲಿಂಗ್ ಮಷೀನಿನ ಮೇಲೆ ಬಗ್ಗಿ ನಿಂತಿದ್ದ ಆ ಅಪರಿಚಿತನ ಕೊರಳಿನಿಂದ ಗುರುತಿನ ಚೀಟಿಯ ರಿಬ್ಬನ್ ಜೋತಾಡುತ್ತಿತ್ತು. ತಿರುಗುತ್ತಿದ್ದ ಮೊನೆಗೂ ಅದಕ್ಕೂ ನಡುವೆ ಒಂದು ಬೆರಳು ತೂರಿಸುವಷ್ಟೂ ಜಾಗವಿರಲಿಲ್ಲ.

"ಅದು ಸುತ್ಕೊಂಡಿದ್ರೆ ಮುಖ ಸಮೇತ ಎಳ್ಕೊಳ್ತಿತ್ತು, ಗೊತ್ತಾ? ಯಾರ್ರೀ ನೀವು? ಯಾರು ಒಳಗೆ ಬಿಟ್ಟಿದ್ದು?"

ಅವನು ಬಿಳಿಚಿಕೊಂಡ ಮುಖದಲ್ಲೇ ರಿಬ್ಬನ್ ತೆಗೆದು ಅವಳ ಕೈಗೆ ಕೊಟ್ಟ. ಚೀಟಿಯಲ್ಲಿ ಅವನ ಫೋಟೋ, ಕೆಳಗೆ 'ಡಿಸೈನ್ ಮತ್ತು ಟೆಕ್ನಾಲಜಿ ಶಿಕ್ಷಕ, ತಾತ್ಕಾಲಿಕ' ಎಂದು ಬರೆದಿತ್ತು.

"ಇವತ್ತಿಂದ ನಿಮ್ಮ ಜೊತೆ ಪಾಠ ಮಾಡೋನು ಮೇಡಂ. ಆದ್ರೆ ಮೊದಲನೇ ಪಾಠ ನನಗೇ ಆಯ್ತು."

ಮಕ್ಕಳು ಗೊಳ್ಳೆಂದು ನಕ್ಕರು. ಅವಳ ಕಿವಿ ಬಿಸಿಯಾಯಿತು.

ಪ್ರೀತಿ ಹೀಗೆಲ್ಲ ಶುರುವಾಗುತ್ತದೆಯೇ ಎಂದು ಕೇಳಬೇಡಿ. ಬೈಗುಳದಿಂದ ಶುರುವಾದದ್ದೇ ಬಾಳಿಕೆ ಬರುವುದು ಹೆಚ್ಚು. ಅನುಮಾನವಿದ್ದರೆ ನಿಮ್ಮ ಪಕ್ಕದ ಮನೆಯಲ್ಲೇ ವಿಚಾರಿಸಿ.

ಮಕ್ಕಳು ಅವಳನ್ನು ಉಳಿ ಮೇಡಂ ಎನ್ನುತ್ತಿದ್ದರು. ಅಷ್ಟು ಚೂಪು, ಅಷ್ಟು ಅಚ್ಚುಕಟ್ಟು. ಎರಡು ಮರದ ತುಂಡುಗಳನ್ನು ಅಂಟಿಸಿದಾಗ ಮೂಲೆಯಲ್ಲಿ ಅಂಟು ಉಕ್ಕಿ ಬರುತ್ತದಲ್ಲ, ಅದನ್ನು ಬೆರಳಿನಿಂದ ಸವರಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಜ್ಯೂಸ್ ಕುಡಿಯುವ ಸ್ಟ್ರಾ ಒಂದನ್ನು ಮೂಲೆಗೆ ಒತ್ತಿ ಎಳೆದರೆ ಅಂಟೆಲ್ಲ ಅದರೊಳಗೆ ಹೋಗಿ ಮರ ತೊಳೆದಿಟ್ಟಂತೆ ಕಾಣುತ್ತದೆ. ಅದು ಅವಳ ವಿದ್ಯೆ.

ಅವನಿಗೆ ಬಂದ ಒಂದೇ ವಾರಕ್ಕೆ ದಾರ ಸಾರ್ ಎಂಬ ಹೆಸರು ಬಿತ್ತು. ಅಂಟು ಒಣಗುವ ತನಕ ಎಲ್ಲರೂ ಕಬ್ಬಿಣದ ಕ್ಲಾಂಪ್ ಹಾಕಿ ಬಿಗಿದರೆ, ಇವನು ಸಣಬಿನ ದಾರ ಸುತ್ತಿ, ನಡುವೆ ಒಂದು ಕಡ್ಡಿ ತೂರಿಸಿ ತಿರುಚುತ್ತಿದ್ದ.

"ಅಲ್ರೀ, ಕಪಾಟಿನ ತುಂಬ ಕ್ಲಾಂಪ್ ಇದೆ. ಸೌದೆ ಕಟ್ಟಿದ ಹಾಗೆ ಕಟ್ತೀರಲ್ಲ?" ಎಂದಳು ಒಮ್ಮೆ.

"ಕಪಾಟು ಇಲ್ಲಿದೆ ಮೇಡಂ. ಮಕ್ಕಳ ಮನೇಲಿಲ್ಲ."

ಅಂದು ಸಂಜೆ ಮನೆಗೆ ಹೋದವಳು ಚಹಾ ಕಾಸಲು ಇಟ್ಟು ಮರೆತು, ಪಾತ್ರೆ ತಳ ಹಿಡಿಸಿ, ಅಮ್ಮನಿಂದ ಬೈಸಿಕೊಂಡಳು.

"ಎಲ್ಲಿದೆ ನಿನ್ನ ಗಮನ? ಬಂದ ಸಂಬಂಧಕ್ಕೆಲ್ಲ ಬೇಡ ಅಂತೀಯ. ಆ ಯಂತ್ರಗಳನ್ನೇ ಕಟ್ಕೋತೀಯೇನೇ?"

'ಯಂತ್ರ ಅಲ್ಲಮ್ಮ...' ಎಂದು ಮನಸ್ಸು ಹೇಳಿತು. ಬಾಯಿ ಹೇಳಲಿಲ್ಲ. ಅವನು ತಾತ್ಕಾಲಿಕ, ಇವತ್ತಿದ್ದು ನಾಳೆ ಹೋಗುವವನು. ಅವನ ಮನಸ್ಸಿನಲ್ಲಿ ಏನಿದೆಯೋ ಯಾರಿಗೆ ಗೊತ್ತು? ಮಕ್ಕಳಿಗೆ ಇಡೀ ದಿನ ಅಳತೆ ಹೇಳಿಕೊಡುವವಳಿಗೆ ತನ್ನ ಒಂದು ಮಾತನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ.

ಹೀಗೇ ಪರೀಕ್ಷೆ ಬಂತು. ಹತ್ತನೇ ತರಗತಿಯ ಪ್ರತಿಯೊಬ್ಬರೂ ಮನೆಯವರ ಒಂದು ತೊಂದರೆಯನ್ನು ನೀಗುವ ವಸ್ತು ಮಾಡಬೇಕು. ಪರೀಕ್ಷಕರು ಹೊರಗಿನಿಂದ ಬರುತ್ತಾರೆ. ಅವರು ಬರುವವರೆಗೆ ವಿದ್ಯಾರ್ಥಿ ಎಷ್ಟು ಬೇಕಾದರೂ ತಿದ್ದಬಹುದು. ಆದರೆ ಟೀಚರ್ ಕೈ ಸೋಕಿದರೆ ಅದಕ್ಕೆ ಸೊನ್ನೆ, ಟೀಚರ್ ಕೆಲಸಕ್ಕೂ ಕುತ್ತು.

ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿ ತನ್ನ ಅಜ್ಜಿಗಾಗಿ ಸ್ಟೂಲು ಮಾಡಿದ್ದಳು. ಮಂಡಿನೋವಿನ ಅಜ್ಜಿ ಕೂತರೆ ಏಳಲಾರಳು. ಅದಕ್ಕೆ ಎರಡೂ ಪಕ್ಕದಲ್ಲಿ ಕೈಯೂರಿ ಏಳಲು ಹಿಡಿಗಳು. ಓದಿನಲ್ಲಿ ಹಿಂದಿದ್ದ ಗುಬ್ಬಿಗೆ ಈ ಒಂದು ವಿಷಯವೇ ಗತಿ. ಇದರ ಅಂಕದ ಮೇಲೆಯೇ ಅವಳ ಮುಂದಿನ ಕಾಲೇಜು ನಿಂತಿತ್ತು.

ಪರೀಕ್ಷಕರು ಬರುವ ಹಿಂದಿನ ಸಂಜೆ ಗುಬ್ಬಿ ಅದರ ಮೇಲೆ ಕೂತು ನೋಡಿದಳು. ಒಂದು ಕಾಲು ಬುಡಸಮೇತ ಕಿತ್ತು ಬಂತು.

ಸದ್ದಿಗೆ ದಾರ ಸಾರ್ ಓಡಿ ಬಂದ. ಹೊರಗೆ ಹೋಗುತ್ತಿದ್ದ ಹೆಡ್‌ಮಿಸ್ಟ್ರೆಸ್ ಕೂಡ ಬಾಗಿಲಲ್ಲಿ ನಿಂತು ನೋಡಿದರು. ಗುಬ್ಬಿ ನೆಲದ ಮೇಲೆ ಕೂತು ಬಿಕ್ಕುತ್ತಿದ್ದಳು.

"ಮೇಡಂ... ಏನ್ ಮಾಡ್ಲಿ ಮೇಡಂ?"

ಉಳಿ ಮೇಡಂಗೆ ಎಲ್ಲ ಗೊತ್ತಿತ್ತು. ಸಡಿಲವಾದ ಜಾಗಕ್ಕೆ ತೆಳ್ಳನೆಯ ಮರದ ಸಿಪ್ಪೆ ತುಂಬಿ ಅಂಟಿಸಿದರೆ ಅರ್ಧ ಗಂಟೆಯ ಕೆಲಸ. ಅವಳ ಕೈ ತಾನಾಗಿ ಮುಂದೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ನಾನು ಮುಟ್ಟೋ ಹಾಗಿಲ್ಲ ಕಣೇ. ಹೇಗೆ ಅಂತ ಹೇಳಿದ್ರೂ ತಪ್ಪೇ." ಅವಳು ಕಿತ್ತ ಕಾಲಿನಿಂದ ಮುಖ ತಿರುಗಿಸಿದಳು. "ನನ್ನ ಕೈಲಿ ಏನೂ ಮಾಡೋಕಾಗಲ್ಲಮ್ಮ."

ದಾರ ಸಾರ್ ಕೈಕೈ ಹಿಸುಕಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿ ನಿಂತ. ಮೂವರು ದೊಡ್ಡವರಿದ್ದೂ ಆ ಮಗುವಿಗೆ ಯಾರೂ ಒದಗಲಿಲ್ಲ. ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಹೊರಟರು. ಉಳಿ ಮೇಡಂ ಮನೆಯ ತನಕ ಅಳುತ್ತಲೇ ನಡೆದಳು.

ಮರುದಿನ ಬೆಳಿಗ್ಗೆ ಸ್ಟೂಲು ನಾಲ್ಕೂ ಕಾಲಿನ ಮೇಲೆ ನಿಂತಿತ್ತು.

ಉಳಿ ಮೇಡಂ ಹತ್ತಿರ ಹೋದಳು. ಬಗ್ಗಿ ನೋಡಿದಳು. ಕಾಲಿನ ಬುಡದ ಸುತ್ತ ಬಿಗಿಯಾಗಿ ದಾರ ಕಟ್ಟಿ ಬಿಚ್ಚಿದ ಸಣ್ಣ ಗೀರುಗಳಿದ್ದವು. 'ಅಯ್ಯೋ... ಇವರ್ಯಾಕೆ ಕೈ ಹಾಕಿದ್ರು?'

ಪಕ್ಕದಲ್ಲಿ ಅವನೂ ಬಗ್ಗಿ ನೋಡುತ್ತಿದ್ದ. ಅವನಿಗೆ ದಾರದ ಗೀರು ಕಾಣಲೇ ಇಲ್ಲ. ಒಂದು ತೊಟ್ಟು ಅಂಟೂ ಇಲ್ಲದ ಶುಭ್ರವಾದ ಮೂಲೆ ಕಂಡಿತು. 'ತಡ್ಕೊಳ್ಳೋಕೆ ಆಗ್ಲಿಲ್ಲ ಇವರಿಗೆ...'

ನೋಡಿ, ಮನುಷ್ಯನಿಗೆ ತನ್ನ ರೂಢಿ ತನ್ನ ಕಣ್ಣಿಗೆ ಬೀಳುವುದಿಲ್ಲ. ಎದುರಿನವರದ್ದು ಮಾತ್ರ ಎದ್ದು ಕಾಣುತ್ತದೆ. ಗುಬ್ಬಿಯನ್ನೇ ಕೇಳೋಣವೆಂದರೆ ಅವಳು ಮೇಲಿನ ಹಾಲ್‌ನಲ್ಲಿ ಗಣಿತದ ಪರೀಕ್ಷೆ ಬರೆಯುತ್ತಿದ್ದಳು. ಮಧ್ಯಾಹ್ನದವರೆಗೆ ಆಚೆ ಬರುವಂತಿರಲಿಲ್ಲ.

ಪರೀಕ್ಷಕರು ಒಂದೊಂದೇ ವಸ್ತು ನೋಡುತ್ತ ಬಂದರು. ಸ್ಟೂಲಿನ ಮುಂದೆ ನಿಂತಾಗ ಹೆಡ್‌ಮಿಸ್ಟ್ರೆಸ್, ಪಾಪ, ಸಂತೋಷದಲ್ಲೇ ಬಾಯಿಬಿಟ್ಟರು.

"ಅರೆ, ನಿನ್ನೆ ಸಂಜೆ ಕಾಲು ಕಿತ್ತುಹೋಗಿತ್ತಲ್ಲ. ಯಾರು ಸರಿಮಾಡಿದ್ರು?"

ಪರೀಕ್ಷಕರು ಕನ್ನಡಕ ತೆಗೆದರು. "ಟೀಚರ್ ಯಾರಾದ್ರೂ ಕೈ ಹಾಕಿದ್ದೀರಾ?"

ಉಳಿ ಮೇಡಂ ಬಾಯಿಗೆ ಬೀಗ ಬಿದ್ದಿತ್ತು. ಇಲ್ಲ ಎಂದರೆ ಮುಂದಿನ ಪ್ರಶ್ನೆ ಅವನಿಗೇ ಹೋಗುತ್ತದೆ. ಅವಳು ನೆಲ ನೋಡಿದಳು. ಅವಳ ಮೌನವನ್ನು ಅವನು ತಪ್ಪೊಪ್ಪಿಗೆ ಎಂದುಕೊಂಡ.

"ನಾನು ಸಾರ್," ಎಂದ. "ಮೇಡಂಗೆ ಗೊತ್ತಿಲ್ಲ. ಹುಡುಗಿಗೂ ಗೊತ್ತಿಲ್ಲ. ಅವಳ ಅಂಕ ಮಾತ್ರ ಕಡೀಬೇಡಿ."

"ಕಡಿಯೋದೇನು ಬಂತು? ಸೊನ್ನೆ. ನಿಯಮ ನನ್ನದಲ್ಲ."

ಉಳಿ ಮೇಡಂಗೆ ಕೋಪ, ಸಂಕಟ ಎರಡೂ ಒಟ್ಟಿಗೆ ನುಗ್ಗಿ ಬಂದವು. ಆ ಮಗುವಿನ ಬದುಕು ಹಾಳಾಯಿತಲ್ಲ. ಮಾಡಿದವನು ಇವನೇ ಆಗಬೇಕಿತ್ತೇ? ವರಾಂಡದಲ್ಲಿ ಅವನು ಹಿಂದೆಯೇ ಬಂದ.

"ಮೇಡಂ, ಒಂದ್ನಿಮಿಷ..."

"ನನ್ನ ಹತ್ರ ಮಾತಾಡ್ಬೇಡಿ. ಇನ್ನು ಯಾವತ್ತೂ ಮಾತಾಡ್ಬೇಡಿ."

ಇನ್ನೊಂದೇ ಒಂದು ಮಾತು ಆಡಿದ್ದರೆ ಗಂಟು ಬಿಚ್ಚಿಹೋಗುತ್ತಿತ್ತು. ಆದರೆ ಸಿಟ್ಟು ಬಂದವರು ಸರಿಯಾದ ಮಾತು ಬಿಟ್ಟು ಉಳಿದದ್ದೆಲ್ಲ ಆಡುತ್ತಾರೆ. ನಾಚಿಕೆಯಿಂದ ಹೀಗನ್ನುತ್ತಿದ್ದಾರೆ ಎಂದುಕೊಂಡು ಅವನು ಹಿಂದೆ ಸರಿದ.

ಮಧ್ಯಾಹ್ನದ ಗಂಟೆ ಹೊಡೆದಾಗ ಉಳಿ ಮೇಡಂ ವರ್ಕ್‌ಶಾಪಿಗೆ ಮರಳಿದ್ದಳು, ಪರೀಕ್ಷಕರೂ ಇನ್ನೂ ಅಲ್ಲೇ ಇದ್ದರು. ಗುಬ್ಬಿ ಮೆಟ್ಟಿಲಿಳಿದು ನೇರ ವರ್ಕ್‌ಶಾಪಿಗೇ ಬಂದಳು. ಸುದ್ದಿ ಕೇಳಿ ಬಾಗಿಲಲ್ಲೇ ನಿಂತುಬಿಟ್ಟಳು.

"ದಾರ ಸಾರ್ ಮಾಡಿದ್ರಾ? ಇಲ್ಲ ಮೇಡಂ... ನಾನೇ ಮಾಡಿದ್ದು. ನೀವೆಲ್ಲ ಹೋದ್ಮೇಲೆ ಅತ್ತು ಅತ್ತು ಸಾಕಾಯ್ತು. ಆಮೇಲೆ ಎದ್ದು ಮಾಡ್ದೆ. ಬೆಳಿಗ್ಗೆ ಬಂದು ದಾರ ಬಿಚ್ಚಿ ಪರೀಕ್ಷೆಗೆ ಓಡ್ದೆ."

ಪರೀಕ್ಷಕರು ಹುಬ್ಬೇರಿಸಿದರು. "ಹೌದಾ? ಹಾಗಾದ್ರೆ ಇಲ್ಲೇ ಎರಡು ತುಂಡು ಸೇರಿಸಿ ತೋರಿಸು. ಯಾರೂ ಮಾತಾಡಬಾರದು."

ಗುಬ್ಬಿ ಮೂಗು ಒರೆಸಿಕೊಂಡು ಬೆಂಚಿನ ಮುಂದೆ ನಿಂತಳು. ಸಿಪ್ಪೆ ತುಂಬಿದಳು, ಅಂಟು ಹಾಕಿದಳು. ಜೇಬಿನಿಂದ ಸ್ಟ್ರಾ ತೆಗೆದು ಮೂಲೆಗೆ ಒತ್ತಿ ಎಳೆದಳು. ದಾರ ಸುತ್ತಿದಳು, ಕಡ್ಡಿ ತೂರಿಸಿ ತಿರುಚಿದಳು.

ನೋಡುತ್ತಿದ್ದ ಉಳಿ ಮೇಡಂ ಕಣ್ಣು ತುಂಬಿ ಬಂತು. ಆಗ ಅವಳಿಗೆ ಎಲ್ಲ ಹೊಳೆಯಿತು. ತಾನು ನೋಡಿದ್ದು ದಾರದ ಗೀರನ್ನು. ಅವನು ನೋಡಿದ್ದು ಮೂಲೆಯನ್ನು. ಅವನು ಸುಳ್ಳು ಹೇಳಿದ್ದು ಗುಬ್ಬಿಗಾಗಿ ಅಲ್ಲ...

"ಸರಿ, ಅಂಕ ಹಾಕ್ತೀನಿ," ಎಂದರು ಪರೀಕ್ಷಕರು.

ಗುಬ್ಬಿ ನಗಲಿಲ್ಲ. ಟೀಚರ್ ಮುಖವನ್ನೇ ನೋಡಿದಳು.

"ನಾನೇ ಮಾಡಿರಬಹುದು ಅಂತ ನಿಮಗೂ ಅನ್ನಿಸ್ಲಿಲ್ವಾ ಮೇಡಂ?"

ಉಳಿ ಮೇಡಂ ಅವಳನ್ನು ಎದೆಗೆ ಒತ್ತಿಕೊಂಡು "ತಪ್ಪಾಯ್ತು ಕಣೇ ಗುಬ್ಬಿ" ಎಂದಳು. ಅಷ್ಟೇ ಆದದ್ದು ಅವಳಿಂದ.

ಅಲ್ಲಿಂದ ಹೆಡ್‌ಮಿಸ್ಟ್ರೆಸ್ ಕೋಣೆಗೆ ಓಡಿದಳು.

"ಅವರು ಏನೂ ಮಾಡಿಲ್ಲ ಮೇಡಂ. ಈಗ ಎಲ್ಲರಿಗೂ ಗೊತ್ತಾಯ್ತಲ್ಲ."

"ಗೊತ್ತಾಯ್ತಮ್ಮ. ಆದ್ರೆ ಪರೀಕ್ಷಕರ ಮುಂದೆ ಸುಳ್ಳು ಹೇಳಿದ್ದೂ ಗೊತ್ತಾಯ್ತು. ಮೇಲಿನವರಿಗೆ ಆಗ್ಲೇ ಫೋನ್ ಹೋಗಿದೆ. ಸೋಮವಾರದಿಂದ ಅವರು ಬರೋ ಹಾಗಿಲ್ಲ." ಹೆಡ್‌ಮಿಸ್ಟ್ರೆಸ್ ದನಿಯೂ ಕುಗ್ಗಿತ್ತು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾನು ಬೇಡಿಕೊಂಡು ನೋಡ್ದೆ. ನಿಜವಾಗ್ಲೂ ನೋಡ್ದೆ."

ಅವಳು ಬೇಡಿದಳು, ಜಗಳವಾಡಿದಳು. ಯಾವುದೂ ನಡೆಯಲಿಲ್ಲ.

ಅವನು ಮರ ಜೋಡಿಸಿಡುವ ಉಗ್ರಾಣದಲ್ಲಿದ್ದ. ಹಲಗೆಗಳ ಮೇಲೆ ಕೂತು ತನ್ನ ಅಂಗೈಯನ್ನೇ ನೋಡುತ್ತಿದ್ದ. ಅವಳು ಬಂದದ್ದು ನೋಡಿ ಎದ್ದು ನಿಂತ.

"ಗುಬ್ಬಿ ಹೇಳಿಹೋದ್ಲು," ಎಂದ. "ಅಂಕ ಸಿಕ್ತಂತೆ."

"ಸಿಕ್ತು."

"ಅವಳಿಗೆ ಸೊನ್ನೆ ಅಂದಾಗ ನನ್ನ ಜೀವವೇ ಹೋಯ್ತು. ಸುಮ್ನೆ ಇದ್ದಿದ್ರೆ ನಿಮ್ಮ ಕೆಲಸ ಹೋಗುತ್ತೆ ಅಂತ ಬಾಯಿಬಿಟ್ಟೆ. ಅವಳನ್ನ ಬಾವಿಗೆ ತಳ್ಳಿಬಿಟ್ಟಿದ್ದೆ."

"ನಾನೇ ಸರಿಮಾಡಿದ್ದು ಅಂದ್ಕೊಂಡ್ರಾ?"

"ಹೌದು."

"ನಾನು ನೀವು ಅಂದ್ಕೊಂಡೆ." ಅವಳು ಹಣೆ ಒತ್ತಿಕೊಂಡಳು. "ಇಬ್ರು ಟೀಚರ್. ಒಬ್ಬರಿಗಾದ್ರೂ ಆ ಹುಡುಗಿ ನೆನಪಾಗ್ಲಿಲ್ಲ ನೋಡಿ."

ಇಬ್ಬರಿಗೂ ನಗು ಬಂತು, ಅಳುವೂ ಬಂತು. ಅವಳದ್ದು ಅಳುವಿನಲ್ಲೇ ನಿಂತಿತು.

"ಯಾಕೆ ಹಾಗೆ ಹೇಳಿದ್ರಿ? ನಾನು ನಿಮಗೆ ಯಾರು ಅಂತ ನನ್ನ ತಪ್ಪು ತಲೆ ಮೇಲೆ ಹಾಕ್ಕೊಂಡ್ರಿ?"

ಅವನು ಜೇಬಿನಿಂದ ಗುರುತಿನ ಚೀಟಿ ತೆಗೆದು ಹಲಗೆಯ ಮೇಲಿಟ್ಟ.

"ನಿಮ್ಮನ್ನ ಇಷ್ಟಪಟ್ಟಿದ್ದೀನಿ. ಹೇಳೋಕೆ ಧೈರ್ಯ ಇರ್ಲಿಲ್ಲ. ತಾತ್ಕಾಲಿಕ ಅನ್ನೋ ಚೀಟಿ ಹಾಕ್ಕೊಂಡು ಯಾವ ಬಾಯಲ್ಲಿ ಹೇಳ್ಲಿ? ಈಗ ಅದೂ ಇಲ್ಲ."

'ಇಷ್ಟು ದಿನ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ನಿಂತು ಒಂದೇ ಮಾತನ್ನ ನುಂಗ್ತಾ ಇದ್ವಾ...' ಅವಳು ಹತ್ತಿರ ಬಂದು ಅವನ ಎರಡೂ ಕೈ ಹಿಡಿದಳು. ಕೈ ತಣ್ಣಗಿತ್ತು.

"ಹೆಡ್‌ಮಿಸ್ಟ್ರೆಸ್ ಹತ್ರ ಜಗಳ ಆಡ್ದೆ. ಆಗ್ಲಿಲ್ಲ. ಹೋಗ್ಬೇಡಿ ಅಂತ ಹೇಳೋ ಅಧಿಕಾರವೂ ನನಗಿಲ್ಲ. ಆದ್ರೆ ಪ್ರೀತಿಸ್ತೀನಿ. ಬಂದ ದಿನ ಬೈದೆನಲ್ಲ, ಅವತ್ತಿಂದಲೇ."

ಅವನ ಕಣ್ಣಿಂದ ಒಂದು ಹನಿ ಜಾರಿತು. ಒರೆಸಲು ಅವಳು ಕೈ ಬಿಡಲಿಲ್ಲ.

"ಮುಂದಿನ ಕೆಲಸ ಯಾವ ಊರಲ್ಲೋ ಗೊತ್ತಿಲ್ಲ. ಸಿಗುತ್ತೋ ಇಲ್ವೋ ಅದೂ ಗೊತ್ತಿಲ್ಲ."

"ಭಾನುವಾರ ಮನೆಗೆ ಬನ್ನಿ. ಅಮ್ಮನ ಹತ್ರ ಮಾತಾಡಿ."

"ಏನಂತ? ಕೆಲಸ ಕಳ್ಕೊಂಡ ಮೇಷ್ಟ್ರು ಅಂತಾನಾ?"

"ನನಗೋಸ್ಕರ ಕಳ್ಕೊಂಡ ಮೇಷ್ಟ್ರು ಅಂತ."

"ಸುಳ್ಳು ಹೇಳೋನಿಗೆ ಮಗಳನ್ನ ಕೊಡಲ್ಲ ಅಂದ್ರೆ?"

ಅವಳು ಯೋಚಿಸಿದಳು. ಅಮ್ಮ ಹಾಗೆ ಅನ್ನುವವಳೇ. ಅನ್ನದೆ ಬಿಡುವವಳಲ್ಲ.

"ಹಾಗಂದ್ರೆ ನಾನೇನೂ ಮಾಡೋಕಾಗಲ್ಲ..." ಎಂದು ಅವನ ಭುಜಕ್ಕೆ ಹಣೆಯಿಟ್ಟಳು. "ನಮ್ಮನೆ ಬಾಗಿಲಲ್ಲೇ ನಿಂತಿರಿ. ಬಟ್ಟೆ ಬ್ಯಾಗ್ ತಗೊಂಡು ನಿಮ್ಮ ಜೊತೆ ಬರ್ತೀನಿ."