ಕುಚ್ಚಲಕ್ಕಿ ಡಬ್ಬದಲ್ಲಿ ಕ್ಯಾಮೆರಾ

ಡಬ್ಬದ ಮುಚ್ಚಳ ಎಷ್ಟು ಒತ್ತಿದರೂ ಕೂರಲಿಲ್ಲ. ಪ್ರಾಪ್ತಿ ಎರಡೂ ಕೈ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಟಕ್ ಎಂದಿತು. ತಿರುಗಿ ಅಡುಗೆಮನೆಯ ಬಾಗಿಲು ನೋಡಿದಳು. ಸದ್ಯ, ಯಾರೂ ಇಲ್ಲ.

ಡಬ್ಬದಲ್ಲಿದ್ದದ್ದು ಮನೆಯವರು ದಿನಾ ಉಣ್ಣುವ ಕುಚ್ಚಲಕ್ಕಿ. ಆ ಅಕ್ಕಿಯ ಹೊಟ್ಟೆಯೊಳಗೆ ಶೈಲೇಶ್ ಮಾಮನ ಕ್ಯಾಮೆರಾ.

"ಪೂರ್ತಿ ಮುಚ್ಚಿದಿಯಾ?" ಕಿಟಕಿಯ ಹೊರಗಿಂದ ಪಿಸುಮಾತು ಬಂತು. ಪಕ್ಕದ ಮನೆಯ ಸಫಾ ಕೊಡೆ ಹಿಡಿದು ನಿಂತಿದ್ದಳು.

"ಹೂಂ. ಮೇಲಿಂದ ಎಂತದೂ ಕಾಣುದಿಲ್ಲ."

"ಹಾಗಾದ್ರೆ ಹೆದರ್ಬೇಡ. ನಮ್ಮ ಅಣ್ಣನ ಮೊಬೈಲ್ ಬಕೆಟ್‌ಗೆ ಬಿದ್ದದ್ದು ಗೊತ್ತುಂಟಲ್ಲ? ಉಮ್ಮ ಅಕ್ಕಿಯಲ್ಲೇ ಇಟ್ಟದ್ದು. ನೀರೆಲ್ಲ ಅಕ್ಕಿ ಕುಡೀತದೆ. ಒಂದು ರಾತ್ರಿ ಇರ್ಲಿ."

"ಮಾಮ ಈಗ ಬಂದು ಕೇಳಿದ್ರೆ?"

ಸಫಾ ಕೊಡೆ ತಿರುಗಿಸಿದಳು. "ಉಮ್ಮ ಕರೀತಿದ್ದಾರೆ" ಎಂದು ಓಡಿದಳು. ಅವಳ ತಾಯಿ ಕರೆದಿರಲೇ ಇಲ್ಲ.

ಮಾಮ ಮಸ್ಕತ್‌ನಿಂದ ರಜೆಗೆ ಬಂದಿದ್ದರು. ಭಾನುವಾರ ಬೆಳಿಗ್ಗೆ ವಾಪಸು ಹೋಗುವವರು. ಬಹಳ ಕಾಲ ಆಸೆಪಟ್ಟು ಕೊಂಡ ಕ್ಯಾಮೆರಾ ಅದು. ಅಲ್ಲಿ ರಜೆಯ ದಿನ ರೂಮಿನಲ್ಲಿ ಮಲಗುವ ಬದಲು ಅದನ್ನು ಕುತ್ತಿಗೆಗೆ ಹಾಕಿಕೊಂಡು ಸುತ್ತುತ್ತಾರಂತೆ. "ಅದು ಇಲ್ಲದಿದ್ರೆ ನನಗೆ ಅಲ್ಲಿ ದಿನವೇ ಹೋಗುದಿಲ್ಲ" ಎಂದು ಅಜ್ಜಿಗೆ ಹೇಳಿದ್ದನ್ನು ಪ್ರಾಪ್ತಿಯೂ ಕೇಳಿದ್ದಳು.

ಮಳೆಯಲ್ಲಿ ಫೋಟೋ ತೆಗೆಯುವುದನ್ನೂ ಅವರು ಕಲಿಸಿದ್ದರು. ಪ್ಲಾಸ್ಟಿಕ್ ಕವರಿಗೆ ಲೆನ್ಸಿನಷ್ಟು ತೂತು ಮಾಡಿ, ಸುತ್ತ ರಬ್ಬರ್ ಬ್ಯಾಂಡ್ ಬಿಗಿಯಬೇಕು. ಬಿಗಿಯದೆ ಅಂಗಳಕ್ಕೆ ಇಳಿಯಬಾರದು.

ಇವತ್ತು ಶುಕ್ರವಾರ, ಮಳೆಗೆ ಶಾಲೆಗೆ ರಜೆ. ಮಾಮ ಪೇಟೆಗೆ, ಹಂಪನಕಟ್ಟೆಗೆ ಹೋಗಿದ್ದರು. ಆಗಲೇ ಸಫಾ ಕೂಗಿದ್ದು, "ತೋಡಿನಿಂದ ಗದ್ದೆಗೆ ಮೀನು ಹತ್ತುತ್ತಾ ಉಂಟು!" ನಮ್ಮ ವಾಮಂಜೂರಿನಲ್ಲಿ ಗದ್ದೆಯೇ ಉಳಿದಿಲ್ಲ, ಇನ್ನು ಮೀನು ಎಲ್ಲಿಂದ ಎಂದು ಮಾಮ ನಿನ್ನೆಯಷ್ಟೇ ಬೇಸರ ಮಾಡಿಕೊಂಡಿದ್ದರು. ಅವರಿಗೆ ತೋರಿಸಬೇಕು! ಕವರ್ ಹುಡುಕುತ್ತಾ ಕೂತರೆ ಮೀನು ಕಾಯುತ್ತದೆಯೇ? ಪ್ರಾಪ್ತಿ ಕ್ಯಾಮೆರಾ ಎತ್ತಿಕೊಂಡು ಹಾಗೆಯೇ ತುಂಬಿ ಹರಿಯುವ ತೋಡಿನ ಕಡೆಗೆ ಓಡಿದಳು. ಜಿರಿಜಿರಿ ಮಳೆ ಒಮ್ಮೆಲೇ ಧೋ ಎಂದು ಸುರಿಯಿತು. ಮೀನೂ ಸಿಗಲಿಲ್ಲ, ಫೋಟೋವೂ ಸಿಗಲಿಲ್ಲ. ಮನೆಗೆ ಬಂದು ಬಟನ್ ಒತ್ತಿದಾಗ ಲೆನ್ಸ್ ಗರ್ ಎಂದು ಅರ್ಧ ಹೊರಬಂದು ಒಳಗೆ ಹೋಯಿತು. ಸ್ಕ್ರೀನ್ ಕಪ್ಪಗಾಯಿತು.

"ಪ್ರಾಪ್ತೀ, ಕ್ಯಾಮೆರಾ ಎಲ್ಲುಂಟು?" ಮಾಮ ಬಂದೇ ಬಿಟ್ಟರು. ಕೊಡೆ ಮಡಚುತ್ತಾ ಜಗಲಿಯಿಂದಲೇ ಕೇಳಿದರು. "ಬ್ಯಾಗ್ ಪ್ಯಾಕ್ ಮಾಡ್ತೇನೆ."

ಪ್ರಾಪ್ತಿ ಡಬ್ಬಕ್ಕೆ ಬೆನ್ನು ಕೊಟ್ಟು ನಿಂತಳು. ಅಷ್ಟರಲ್ಲಿ ಅಜ್ಜಿ ಅಕ್ಕಿ ಅಳೆಯುವ ಪಾವು ಹಿಡಿದು ಡಬ್ಬದ ಕಡೆಗೇ ಹೊರಟರು.

"ಅಜ್ಜಿ! ಇವತ್ತು ಅನ್ನ ಬೇಡ. ದೋಸೆ ಮಾಡುವ!"

"ಹಿಟ್ಟು ಎಲ್ಲುಂಟು? ಅಕ್ಕಿ ನೆನೆ ಹಾಕ್ಲೇ ಇಲ್ಲ." ಅಜ್ಜಿ ಅವಳ ಹಣೆ ಮುಟ್ಟಿ ನೋಡಿದರು. "ಎಂತಾಯ್ತು ಬಾಲೆ? ಜ್ವರವಾ?"

ಮುಚ್ಚಳ ತೆರೆಯಿತು. ಅಜ್ಜಿಯದು ಗಟ್ಟಿ ಕೈ. ಪಾವನ್ನು ಅಕ್ಕಿಗೆ ಇಳಿಸಿದರೆ ತಳದವರೆಗೂ ಇಳಿಸುವವರು. ಈಗ ಸುಮ್ಮನಿದ್ದರೆ ಆ ಪಾವು ನೇರ ಲೆನ್ಸಿಗೇ ಬಡಿಯುತ್ತದೆ.

"ಮೆಲ್ಲ ಅಜ್ಜಿ!" ಪ್ರಾಪ್ತಿ ಕಿರುಚಿದಳು. "ಒಳಗೆ ಮಾಮನ ಕ್ಯಾಮೆರಾ ಉಂಟು!"

ಹೇಳಿ ಮುಗಿದ ಮೇಲೆಯೇ ಅವಳು ತಲೆ ಎತ್ತಿದ್ದು. ಮಾಮ ಬಾಗಿಲಲ್ಲಿ ನಿಂತಿದ್ದರು.

ಅವರು ಅಕ್ಕಿಯೊಳಗೆ ಕೈ ಹಾಕಿ ಕ್ಯಾಮೆರಾ ತೆಗೆದರು. ಮೊದಲು ಬ್ಯಾಟರಿ ಕಳಚಿದರು, ಆಮೇಲೆ ಫೋಟೋಗಳಿರುವ ಕಾರ್ಡ್ ಕಳಚಿದರು. ಲೆನ್ಸಿನ ಸುತ್ತ ಕಂದು ಬಣ್ಣದ ಹುಡಿ ಮೆತ್ತಿಕೊಂಡಿತ್ತು.

"ಒದ್ದೆಯಾದ ಮೇಲೆ ಆನ್ ಮಾಡಿದಿಯಾ?"

"ಒಂದು ಸಲ..."

"ಒಂದೇ?"

"ಮೂರು ಸಲ ಮಾಮ."

ಮಾಮ ಕಣ್ಣು ಮುಚ್ಚಿಕೊಂಡರು. "ನೀರು ಒಳಹೋದದ್ದನ್ನು ಆನ್ ಮಾಡ್ಲಿಕ್ಕೇ ಇಲ್ಲ ಮಾರಾಯ್ತಿ. ಒಳಗೆಲ್ಲ ಸುಟ್ಟು ಹೋಗ್ತದೆ. ಅಕ್ಕಿಯಲ್ಲಿಡು ಅಂತ ಹೇಳಿದ್ದು ಯಾರು?"

"ಸಫಾನ ಮನೆಯಲ್ಲಿ ಮೊಬೈಲ್ ಇಟ್ಟು ಸರಿಯಾಯ್ತಂತೆ."

"ಅವರು ಇಟ್ಟದ್ದು ಬಿರಿಯಾನಿ ಅಕ್ಕಿಯಲ್ಲಿ ಇರ್ಬೇಕು. ನಮ್ಮದು ನೋಡು." ಮಾಮ ಬೆರಳು ತೋರಿಸಿದರು. ತುದಿಯಲ್ಲಿ ಕುಚ್ಚಲಕ್ಕಿಯ ತೌಡು. "ಮೊದಲು ನೀರು ಮಾತ್ರ ಇದ್ದದ್ದು. ಈಗ ಅದಕ್ಕೆ ತೌಡೂ ಸೇರಿತು."

"ದನಕ್ಕೆ ಕಲಸಿ ಕೊಡುವ ಹಾಗಾಯ್ತಲ್ಲ!" ಎಂದರು ಅಜ್ಜಿ.

ಮಾಮ ಬೈಯಲಿಲ್ಲ. ಬೈದಿದ್ದರೆ ಒಮ್ಮೆ ಅತ್ತು ಹಗುರಾಗಬಹುದಿತ್ತು. ಅವರು ಅವಳ ಬಣ್ಣದ ಡಬ್ಬಿಯಿಂದ ಸಣ್ಣ ಬ್ರಷ್ ತೆಗೆದುಕೊಂಡು ಲೆನ್ಸಿನ ಅಂಚಿನ ತೌಡನ್ನು ಚೂರುಚೂರೇ ಕೆದಕಿದರು. ಪ್ರಾಪ್ತಿ ಟಾರ್ಚ್ ಹಿಡಿದಳು.

"ಹೇರ್ ಡ್ರೈಯರ್ ಹಿಡಿಯುವಾ ಮಾಮ? ಬೇಗ ಒಣಗ್ತದೆ."

"ಬೇಡ. ಬಿಸಿಗೆ ಇನ್ನೂ ಹಾಳಾಗ್ತದೆ. ಫ್ಯಾನ್ ಗಾಳಿ ಸಾಕು. ಅದರಷ್ಟಕ್ಕೆ ಒಣಗ್ಬೇಕು."

ಶನಿವಾರವಿಡೀ ಕ್ಯಾಮೆರಾ ಹತ್ತಿಬಟ್ಟೆಯ ಮೇಲೆ, ಫ್ಯಾನಿನ ಕೆಳಗೆ ಬಾಯಿ ತೆರೆದು ಮಲಗಿತ್ತು. ಮಳೆ ಬಿಡಲಿಲ್ಲ. ಹಗ್ಗದ ಮೇಲಿನ ಬಟ್ಟೆಗಳೇ ಒಣಗುತ್ತಿರಲಿಲ್ಲ, ಇನ್ನು ಕ್ಯಾಮೆರಾ ಒಣಗುತ್ತದೆಯೇ? ಮಧ್ಯಾಹ್ನ ಕರೆಂಟು ಹೋಯಿತು. ಪ್ರಾಪ್ತಿ ಪಕ್ಕದಲ್ಲಿ ಕೂತು ರಟ್ಟಿನಿಂದ ಗಾಳಿ ಹಾಕಿದಳು. ತೋಳು ನೋಯುತ್ತಿತ್ತು. ಒಮ್ಮೆ ಬ್ಯಾಟರಿ ಹಾಕಿ ನೋಡಿದರೆ ಏನಾದೀತು ಎಂದು ಕೈ ತುರಿಸುತ್ತಿತ್ತು. ಎರಡೂ ಕೈಯಲ್ಲಿ ರಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು.

ಭಾನುವಾರ ಬೆಳಿಗ್ಗೆ ಏರ್‌ಪೋರ್ಟಿಗೆ ಹೋಗುವ ಕಾರು ಗೇಟಿನ ಹೊರಗೆ ಬಂದು ಹಾರ್ನ್ ಹಾಕಿತು. ಮಾಮ ಬ್ಯಾಗುಗಳನ್ನು ಜಗಲಿಗೆ ತಂದಿಟ್ಟು, ಮತ್ತೆ ಒಳಗೆ ಬಂದು ಕ್ಯಾಮೆರಾ ಎತ್ತಿಕೊಂಡರು.

"ಇಷ್ಟು ಹೊತ್ತಿಗೆ ಒಣಗಿರ್ತದೆ" ಎಂದು ಬ್ಯಾಟರಿ ಒಳಗೆ ತಳ್ಳಿ, ಬಟನ್ ಮೇಲೆ ಬೆರಳಿಟ್ಟರು.

ಪ್ರಾಪ್ತಿ ಕಿಟಕಿಯ ಬೆಳಕಿನಲ್ಲಿ ಲೆನ್ಸ್ ನೋಡಿದಳು. ಗಾಜಿನ ಒಳಗೆ, ಒಂದು ಮೂಲೆಯಲ್ಲಿ, ಉಸಿರು ಬಿಟ್ಟ ಹಾಗೆ ಮಬ್ಬು.

"ಬೇಡ ಮಾಮ! ಒತ್ಬೇಡಿ! ಒಳಗೆ ಇನ್ನೂ ನೀರುಂಟು."

"ಎಲ್ಲಿ? ಎಂತದೂ ಇಲ್ಲ."

"ಸ್ವಲ್ಪ ಓರೆ ಮಾಡಿ."

ಮಾಮ ಓರೆ ಮಾಡಿ ನೋಡಿದರು. ನೋಡಿಯೂ ಬೆರಳು ತೆಗೆಯಲಿಲ್ಲ. "ಕಾರು ಬಂದಾಯ್ತಲ್ಲ ಮಾರಾಯ್ತಿ. ಸರಿ ಉಂಟಾ ಇಲ್ವಾ ಅಂತ ಒಮ್ಮೆ ನೋಡಿದ್ರೆ... ಗೊತ್ತಾಗದೆ ಹೇಗೆ ಹೋಗುದು?"

ಪ್ರಾಪ್ತಿ ಅವರ ಮುಖ ನೋಡಿದಳು. ಅಲ್ಲಿ ಸಿಟ್ಟು ಇರಲಿಲ್ಲ. ಮೊನ್ನೆ ಒದ್ದೆ ಕ್ಯಾಮೆರಾ ಹಿಡಿದು ಮತ್ತೆ ಮತ್ತೆ ಬಟನ್ ಒತ್ತಿದಾಗ ತನಗಾದದ್ದೇ ಈಗ ಮಾಮನಿಗೂ ಆಗುತ್ತಿದೆ. ದೊಡ್ಡವರಿಗೂ ಹೀಗೆ ಹೆದರಿಕೆಯಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಅವಳು ಕೈ ಚಾಚಿದಳು. "ಬ್ಯಾಟರಿ ತೆಗೆದು ಕೊಡಿ ಮಾಮ. ಇದು ಇಲ್ಲೇ ಇರ್ಲಿ, ನಾನು ನೋಡಿಕೊಳ್ತೇನೆ."

ಹೊರಗೆ ಹಾರ್ನ್ ಮತ್ತೆ ಕೇಳಿತು. ಮಾಮ ಬ್ಯಾಟರಿ ಕಳಚಿ, ಅದನ್ನೂ ಕ್ಯಾಮೆರಾವನ್ನೂ ಅವಳ ಅಂಗೈಗಳಲ್ಲಿ ಇಟ್ಟರು.

"ಪೂರ್ತಿ ಒಣಗಿದ್ದು ನನಗೆ ಹೇಗೆ ಗೊತ್ತಾಗ್ತದೆ?" ಪ್ರಾಪ್ತಿ ಕೇಳಿದಳು.

"ನಿನಗೇ ಗೊತ್ತಾಗ್ತದೆ. ನನಗೆ ಕಾಣದ್ದು ಈಗ ನಿನಗೇ ಅಲ್ವಾ ಕಂಡದ್ದು?"

ಮಾಮ ಅಜ್ಜಿಯ ಕಾಲು ಮುಟ್ಟಿ, ಕೊಡೆ ಬಿಡಿಸಿ ಅಂಗಳಕ್ಕೆ ಇಳಿದರು. ಕಾರು ಹೊರಟಿತು. ಪ್ರಾಪ್ತಿಗೆ ಗೇಟಿನವರೆಗೆ ಓಡಿಹೋಗಬೇಕು ಎಂದು ತುಂಬಾ ಆಸೆಯಾಯಿತು. ಅಂಗಳದಲ್ಲಿ ಮಳೆ ಹುಯ್ಯುತ್ತಿತ್ತು. ಅವಳು ಜಗಲಿಯ ಮೆಟ್ಟಿಲು ಇಳಿಯಲಿಲ್ಲ.

ಮಾಮ ಕಾರಿನ ಗಾಜು ಇಳಿಸಿ ಕೈ ಬೀಸಿದರು. ಪ್ರಾಪ್ತಿಯ ಎರಡು ಕೈಗಳೂ ಖಾಲಿ ಇರಲಿಲ್ಲ. ಕ್ಯಾಮೆರಾವನ್ನು ಎದೆಗೆ ಒತ್ತಿ ಹಿಡಿದು, ಕಾರು ತಿರುಗುವವರೆಗೂ ತಲೆ ಆಡಿಸುತ್ತಲೇ ಇದ್ದಳು.