ತುರ್ದಿ ಕಚ್ಚಿಟ್ಟ ರೊಟ್ಟಿ

"ಅಪ್ಪ ಬಂದು ಹೋಗ್ತಿದ್ದಾರೆ, ಅತ್ತೆ. ಗೋಡೆ ಮೇಲಿನ ರೊಟ್ಟಿ ತಿಂತಿದ್ದಾರೆ."

ಮೋಹಿರಾ ಹೀಗಂದಾಗ ಕ್ಷೌರಿಕ ಕೋಬಿಲ್ ಅನ್ಬರಕ್ಕನ ಜಗಲಿಯಲ್ಲಿ ಕೂತು ಹಸಿರು ಚಹಾ ಹೀರುತ್ತಿದ್ದ. ಚಹಾ ನೆತ್ತಿಗೇರಿತು. ಮೋಹಿರಾಳ ಅಪ್ಪ ತುರ್ದಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಕೋಬಿಲನೂ ಒಬ್ಬ. ಅಂಥ ಮನುಷ್ಯ ಎದ್ದು ಬಂದು ರೊಟ್ಟಿ ತಿನ್ನುವುದೆಂದರೆ!

ಅನ್ಬರಕ್ಕ ಮಾತ್ರ ಕದಲಲಿಲ್ಲ. ಪೊಲೀಸು ಇಲಾಖೆಯಲ್ಲಿ ತಲೆ ನರೆಯುವವರೆಗೆ ತನಿಖೆ ಮಾಡಿ ನಿವೃತ್ತಳಾದ ಹೆಂಗಸು ಆಕೆ. ಸಮರ್‌ಕಂದಿಗೆ ಹತ್ತಿರದ ಉರ್ಗುತ್ ಪಟ್ಟಣದ ಆ ಕೇರಿಯಲ್ಲಿ ಕೋಳಿ ಕಳೆದರೂ ಜನ ಅವಳ ಬಾಗಿಲಿಗೇ ಬರುತ್ತಿದ್ದರು.

"ಕೂತ್ಕೋ ಮಗಳೇ. ಯಾವ ರೊಟ್ಟಿ?"

ಯಾವ ರೊಟ್ಟಿಯೆಂದು ಕೇರಿಗೆಲ್ಲ ಗೊತ್ತಿತ್ತು. ಪ್ರಯಾಣ ಹೊರಟವರು ರೊಟ್ಟಿಯನ್ನು ಒಂದು ಸಲ ಕಚ್ಚಬೇಕು. ಉಳಿದದ್ದನ್ನು ಗೋಡೆಗೆ ತೂಗುಹಾಕುತ್ತಾರೆ, ತಿರುಗಿ ಬಂದವರೇ ಅದನ್ನು ತಿಂದು ಮುಗಿಸಬೇಕು. ಬೇರೆಯವರು ಬೆರಳು ಸೋಕಿಸುವುದಿಲ್ಲ. ತುರ್ದಿಯ ಹೆಂಡತಿ ಸೊಲಿಹಾ ಇದರಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ತಾಸಿನ ದಾರಿಗೂ ಗಂಡನಿಗೆ ರೊಟ್ಟಿ ಕಚ್ಚಿಸದೆ ಕಳಿಸುತ್ತಿರಲಿಲ್ಲ. ಕಳೆದ ಶರತ್ಕಾಲದಲ್ಲಿ ಸಮರ್‌ಕಂದಿನ ದೊಡ್ಡ ನಾಣ್ಯ ಮೇಳಕ್ಕೆ ಹೊರಟಾಗಲೂ ಅವನು ಕಚ್ಚಿದ. ದಾರಿಯಲ್ಲೇ, ಕಾರಿನಲ್ಲಿ ಕೂತಂತೆಯೇ, ಎದೆ ನಿಂತಿತು. ರೊಟ್ಟಿ ಗೋಡೆಯಲ್ಲೇ ಉಳಿಯಿತು.

ಜೊತೆಗೆ ಇನ್ನೊಂದು ಸಂಕಟವೂ ಉಳಿಯಿತು. ತುರ್ದಿ ತನ್ನ ಹತ್ತಿರ ಒಂದು ಪುರಾತನ ಬೆಳ್ಳಿ ನಾಣ್ಯ ಇದೆಯೆನ್ನುತ್ತಿದ್ದ. ಒಂದು ಕಡೆ ಕಿರೀಟದ ಅರಸ, ಇನ್ನೊಂದು ಕಡೆ ಬೆಂಕಿ ಉರಿಯುವ ಪೂಜೆಯ ಪೀಠ, ಆ ಪೀಠದ ಬುಡದಲ್ಲಿ ಪುಟ್ಟ ಹಕ್ಕಿ. ಹಕ್ಕಿ ಇರುವಂಥದ್ದನ್ನು ಯಾರೂ ಕಂಡಿರಲಿಲ್ಲ. ನಾಣ್ಯ ಸಂಗ್ರಹಿಸುವ ಗೆಳೆಯರು ಅವನನ್ನು 'ಹಕ್ಕಿ ತುರ್ದಿ' ಎಂದು ಆಡಿಕೊಂಡು ನಕ್ಕರು. ಮೇಳದಲ್ಲಿ ಬಲ್ಲವರ ಮುಂದಿಟ್ಟು ಬಾಯಿ ಮುಚ್ಚಿಸುತ್ತೇನೆಂದು ಹೊರಟವನ ಜೇಬಿನಲ್ಲಿ, ಸತ್ತ ಮೇಲೆ ನೋಡಿದರೆ, ನಾಣ್ಯವೇ ಇರಲಿಲ್ಲ. ಸುಳ್ಳುಗಾರ ಅಂದರು ಅರ್ಧ ಜನ. ಉಳಿದರ್ಧ ಜನ, ಕಾರಿನಲ್ಲಿ ಪಕ್ಕ ಕೂತಿದ್ದ ನಾಣ್ಯದ ಗೆಳೆಯ ಎಶ್‌ಮತ್ ಕದ್ದ ಅಂದರು.

"ಈ ಸಲದ ಮೇಳಕ್ಕೆ ನಾನು ಹೋಗ್ತೀನಿ," ಅಂದಳು ಮೋಹಿರಾ. "ಕದ್ದವರು ಅಲ್ಲಿ ಮಾರೋಕೆ ತಂದೇ ತರ್ತಾರೆ. ಚಿಕ್ಕವಳಿದ್ದಾಗ ಆ ಹಕ್ಕೀನ ನನ್ನ ಅಂಗೈ ಮೇಲೆ ಇಟ್ಟು ತೋರಿಸಿದ್ರು ಅತ್ತೆ. ನಮ್ಮಪ್ಪ ಸುಳ್ಳುಗಾರ ಅಲ್ಲ. ಆದ್ರೆ ಈ ರೊಟ್ಟಿ ದಿನಾ ಬೆಳಿಗ್ಗೆ ಒಂಚೂರು ಕಮ್ಮಿ ಆಗ್ತಾ ಬಂದಿದೆ. ಅಪ್ಪ ಏನೋ ಹೇಳ್ತಿದ್ದಾರಾ? ಹೋಗ್ಬೇಡ ಅಂತಿದ್ದಾರಾ?"

"ಇಲಿ ಇರ್ಬೇಕಮ್ಮ," ಎಂದ ಕೋಬಿಲ್, ತನಗೇ ನಂಬಿಕೆಯಿಲ್ಲದೆ.

"ನೋಡೋಣ ಬಾ ಇಲೀನ," ಎಂದು ಅನ್ಬರಕ್ಕ ಚಪ್ಪಲಿ ಮೆಟ್ಟಿದಳು.

ತುರ್ದಿಯ ಮನೆಯೊಳಗೆ ಕಾಲಿಡುತ್ತಲೇ ಕೋಬಿಲ್ ಅನ್ಬರಕ್ಕನ ಬೆನ್ನ ಹಿಂದೆ ಸರಿದ. ಕಿಟಕಿಯ ಗಾಳಿಗೆ ರೊಟ್ಟಿ ಗೋಡೆಗೆ ತಾಗಿ ಟಕ್ ಟಕ್ ಎನ್ನುತ್ತಿತ್ತು, ಹೊರಗೆ ನಿಂತ ಯಾರೋ ಒಳಗೆ ಬರಲೇ ಎಂದು ಕೇಳುವ ಹಾಗೆ. ಸತ್ತವನ ಮೇಲಂಗಿ ಇನ್ನೂ ಗೂಟದಲ್ಲೇ ಇತ್ತು. ಅದರ ತೋಳು ಅಲುಗಿದಾಗ ಕೋಬಿಲ್ ಮನಸ್ಸಿನಲ್ಲೇ ಪ್ರಾರ್ಥನೆ ಶುರುಮಾಡಿದ. ತುರ್ದಿ ಬದುಕಿದ್ದಾಗ ಎಷ್ಟೋ ಸಲ ಅವನ ಗಡ್ಡ ಕತ್ತರಿಸುತ್ತ ತಾನೂ 'ಹಕ್ಕಿ ಹಾರಿತಾ' ಎಂದು ರೇಗಿಸಿದ್ದ ನೆನಪು ಬೇರೆ. ಇವತ್ತು ಸಿಕ್ಕಿಬಿದ್ದೆ ಅನ್ನಿಸಿತು.

ಅನ್ಬರಕ್ಕ ರೊಟ್ಟಿಯ ಹತ್ತಿರ ಮುಖ ಒಯ್ದಳು. ದಪ್ಪ ಅಂಚಿನ ರೊಟ್ಟಿ ಈಗ ಅಂಗೈಯಷ್ಟೇ ಉಳಿದಿತ್ತು, ಕಲ್ಲಿನಂತೆ ಗಟ್ಟಿ. "ಇಲಿ ಕಡಿದಿದ್ರೆ ಹಲ್ಲಿನ ಗೀರು ಇರ್ತಿತ್ತು. ಇದು ಮುರಿದಿರೋದು. ಕೆಳಗೆ ಪುಡೀನೂ ಇಲ್ಲ. ನಿಮ್ಮಪ್ಪ ಸತ್ತ ಮೇಲೆ ಬಹಳ ಚೊಕ್ಕಟ ಕಲಿತಿದ್ದಾರೆ ಮಗಳೇ."

ಸೊಲಿಹಾ ಚಹಾ ತಂದಳು. ಅವಳ ಬಲಗೆನ್ನೆ ಊದಿಕೊಂಡಿತ್ತು. ಅತ್ತು ಅತ್ತು ಹೀಗಾಗಿದೆ ಪಾಪ ಎಂದುಕೊಂಡ ಕೋಬಿಲ್. ತಟ್ಟೆಯಲ್ಲಿ ಕಲ್ಲುಸಕ್ಕರೆ ಇತ್ತು. ಅದನ್ನು ಕಟಕಟ ಅಗಿಯುವುದರಲ್ಲಿ ಕೇರಿಗೇ ಹೆಸರಾದ ಸೊಲಿಹಾ, ಇವತ್ತು ಅದರ ಕಡೆ ನೋಡಲೂ ಇಲ್ಲ. ಚಹಾವನ್ನೂ ಆರಿಸಿ, ಎಡಗಡೆಯಿಂದ ಗುಟುಕರಿಸಿದಳು.

"ಸೊಲಿಹಾ, ಈ ರೊಟ್ಟೀನ ಗೋಡೆಗೆ ಹಾಕಿದ್ದು ನೀನೇ ಅಲ್ವಾ?"

"ಇಲ್ಲಕ್ಕ. ಪ್ರತಿ ಸಲ ನಾನೇ. ಆವತ್ತು ಮಾತ್ರ ನಾನೇ ಹಾಕ್ತೀನಿ ಬಿಡು ಅಂದ್ರು. ಬಿಸಿ ರೊಟ್ಟಿ, ಕೈ ಸುಡುತ್ತೆ ಅಂದ್ರೂ ಕೇಳಲಿಲ್ಲ." ಅವಳು ಮಗಳ ಕಡೆ ಕೈ ತೋರಿಸಿದಳು. "ಇವಳಿಗೆ ಬುದ್ಧಿ ಹೇಳಿ ಅಕ್ಕ. ಆ ಮೇಳ ಬೇಡ. ಆ ದಾರಿ ಬೇಡ."

"ಅಮ್ಮ ಹೋದ ವಾರ ತಾನೇ ನನ್ನ ಬಟ್ಟೆ ಒಗೆದು ಮಡಚಿಟ್ಟಿದ್ಲು!" ಎಂದಳು ಮೋಹಿರಾ. "ಮೊನ್ನೆಯಿಂದ ಇದೇ ಹಟ. ವಿಚಿತ್ರ ಅಂದ್ರೆ, ಮೊನ್ನೆಯಿಂದ ರೊಟ್ಟೀನೂ ಕಮ್ಮಿ ಆಗಿಲ್ಲ."

ಅನ್ಬರಕ್ಕ ಬಟ್ಟಲು ಕೆಳಗಿಟ್ಟಳು. "ಕೋಬಿಲ್, ಎಶ್‌ಮತ್‌ನ ಕರ್ಕೊಂಡು ಬಾ."

ಎಶ್‌ಮತ್ ಬಂದ. ವರ್ಷದಿಂದ ಯಾರೂ ಅವನನ್ನು ಚಹಾಕ್ಕೆ ಕರೆದಿರಲಿಲ್ಲ. ಮನುಷ್ಯ ಅರ್ಧ ಆಗಿಹೋಗಿದ್ದ. ಹೊಸ್ತಿಲಲ್ಲೇ ನಿಂತು, "ನಾನು ಕದ್ದಿಲ್ಲ," ಎಂದ.

"ಯಾರು ಕೇಳಿದ್ರು? ಒಳಗೆ ಬಾ. ಮೇಳಕ್ಕೆ ಹೋಗುವಾಗ ತುರ್ದಿ ಏನಂತಿದ್ದ, ಅದನ್ನ ಹೇಳು."

"ಅವನದು ಗೊತ್ತಲ್ಲ. ಮೊದಲ ದಿನ ಬರಿಗೈಲಿ ಹೋಗ್ಬೇಕು, ಮೇಜು ಮೇಜು ಸುತ್ತಬೇಕು, ಯಾರು ಬಲ್ಲವರು ಯಾರು ಬುರುಡೆ ಬಿಡೋರು ಅಂತ ನೋಡ್ಕೋಬೇಕು. ಒಳ್ಳೇ ಮಾಲು ಹೊರಗೆ ತೆಗೆಯೋದು ಮಾರನೇ ದಿನ. ನಮ್ಮಲ್ಲಿ ಹಳಬರೆಲ್ಲ ಹಾಗೇ."

ಅನ್ಬರಕ್ಕ ತಲೆಯಾಡಿಸಿದಳು. ರೊಟ್ಟಿಯ ಕೆಳಗೆ ಎಲ್ಲರೂ ಸುತ್ತ ಕೂತರು.

"ಮೇಳ ಮೂರು ದಿನ, ದಾರಿ ತಾಸಿನದು, ರಾತ್ರಿ ಮನೆಗೇ ಬರೋ ಲೆಕ್ಕ. ಮೊದಲ ದಿನ ತುರ್ದಿ ಹೊರಟದ್ದೇ ಬರಿಗೈಲಿ. ಅಂದ್ಮೇಲೆ ಎಶ್‌ಮತ್ ಕದಿಯೋಕೆ ಜೇಬಲ್ಲಿ ಏನಿತ್ತು, ಮಣ್ಣು? ನಾಣ್ಯ ಈ ಮನೇಲೇ ಇತ್ತು. ಯಾರೂ ಮುಟ್ಟದ ಜಾಗ ಈ ಮನೇಲಿ ಒಂದೇ. ಅದಕ್ಕೇ ಆವತ್ತು ತಾನೇ ತೂಗುಹಾಕ್ತೀನಿ ಅಂದ. ಕಚ್ಚಿದ ಕಡೆಯಿಂದ ಮೆತ್ತನೆ ರೊಟ್ಟಿಯೊಳಗೆ ನಾಣ್ಯ ತೂರಿಸಿದ."

ಮೋಹಿರಾ ಥಟ್ಟನೆ ಎದ್ದು ರೊಟ್ಟಿಗೆ ಕೈ ಹಾಕಿದಳು.

"ಅದರಲ್ಲಿ ಈಗಿಲ್ಲ. ರೊಟ್ಟಿ ತಿಂತಿದ್ದವರು ಮೊನ್ನೆ ನಿಲ್ಲಿಸಿದ್ರು. ಮೊನ್ನೆಯಿಂದಲೇ ಒಬ್ಬರ ಕೆನ್ನೆ ಊದಿದೆ, ಕಲ್ಲುಸಕ್ಕರೆ ಬೇಡವಾಗಿದೆ, ಮಗಳು ಮೇಳಕ್ಕೆ ಹೋಗೋದೂ ಬೇಡವಾಗಿದೆ. ಹಲ್ಲು ಮುರೀತಾ ಸೊಲಿಹಾ?"

ಗೋಡೆಯ ಮೇಲೆ ರೊಟ್ಟಿ ಟಕ್ ಟಕ್ ಎಂದಿತು.

ಸೊಲಿಹಾ ತಲೆವಸ್ತ್ರದ ತುದಿಯ ಗಂಟು ಬಿಚ್ಚಿದಳು. "ದಿನಾ ಆ ಸದ್ದು ಕೇಳ್ತಿತ್ತು ಅಕ್ಕ. ರೊಟ್ಟಿ ಮುಗೀದೆ ಅವರ ಪ್ರಯಾಣ ಮುಗಿಯೋದು ಹೇಗೆ? ಆ ದಾರಿ ಮೇಲೇ ಇನ್ನೂ ನಿಂತಿದ್ದಾರೆ ಅನ್ನಿಸ್ತಿತ್ತು. ಅದಕ್ಕೇ ಅವರ ಬದಲು ನಾನೇ ಚೂರು ಚೂರು ಚಹಾದಲ್ಲಿ ನೆನೆಸಿ ತಿಂದೆ, ಮನೆ ಸೇರ್ಲಿ ಅಂತ. ಮೊನ್ನೆ ಇದು ಹಲ್ಲಿಗೆ ಸಿಕ್ತು. ಇದನ್ನ ಕೊಟ್ರೆ ಇವಳು ಇದನ್ನೇ ಎದೆಗವಚಿಕೊಂಡು ಅದೇ ದಾರೀಲಿ ಹೋಗ್ತಾಳೆ. ಬರಿಗೈಲಿ ಹೋದ್ರೆ ಇಲ್ಲಿರೋದನ್ನ ಅಲ್ಲಿ ಸುಮ್ಮನೆ ಹುಡುಕ್ತಾಳೆ, ಇದು ಕೈಲಿದ್ರೆ ತಿರುಗಿ ಬರಲ್ಲ ಅನ್ನೋ ಭಯ. ನನಗೆ ಹುಚ್ಚು ಹಿಡಿದಿದೆ ಅನ್ನಿ."

ಅವಳು ನಾಣ್ಯವನ್ನು ವಸ್ತ್ರದ ತುದಿಯಿಂದ ಒರೆಸಹೋದಳು.

"ಅಯ್ಯೋ, ಉಜ್ಜಬೇಡಿ ಅತ್ತಿಗೆ, ಅಚ್ಚು ಸವೆಯುತ್ತೆ!" ಎಂದು ಎಶ್‌ಮತ್ ಕಿರುಚಿದ. ಓಡಿಬಂದು, ಅಂಚು ಮಾತ್ರ ಹಿಡಿದು, ಬೆಳಕಿಗೆ ಒಡ್ಡಿದ. "ಹಕ್ಕಿ ಇದೆ. ಇದೆ ಕಣಮ್ಮ ಮೋಹಿರಾ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ." ಅವನು ಗಳಗಳ ಅತ್ತ.

ಮೋಹಿರಾ ಉಳಿದ ತುಂಡನ್ನು ಗೋಡೆಯಿಂದ ಇಳಿಸಿ, ಚಹಾದಲ್ಲಿ ನೆನೆಸಿ, ಅರ್ಧ ತಾಯಿಯ ಬಾಯಿಗಿಟ್ಟಳು, ಅರ್ಧ ತಾನು ತಿಂದಳು. ಕಿಟಕಿಯ ಗಾಳಿ ಹಾಗೇ ಬೀಸುತ್ತಿತ್ತು. ಟಕ್ ಟಕ್ ಮಾತ್ರ ಇರಲಿಲ್ಲ. ಕೋಬಿಲ್ ಧೈರ್ಯ ಮಾಡಿ ಗೂಟದ ಮೇಲಂಗಿಯನ್ನು ನೋಡಿದ. ಅದು ಬರೀ ಅಂಗಿಯಾಗಿತ್ತು.

ಮೇಳದ ಮೊದಲ ದಿನ ಬೆಳಿಗ್ಗೆ ಸೊಲಿಹಾ ಹೊಸ ರೊಟ್ಟಿ ಸುಟ್ಟಳು. ಮಗಳ ಬಾಯಿಗೆ ತಾನೇ ಹಿಡಿದಳು. ಮೋಹಿರಾ ಕಚ್ಚಿದಳು. ಆಮೇಲೆ ನಾಣ್ಯವನ್ನು ತೆಳುಬಟ್ಟೆಯಲ್ಲಿ ಸುತ್ತಿ, ಕಚ್ಚಿದ ಜಾಗದಲ್ಲಿ ಒಳಗೆ ಒತ್ತಿ, ರೊಟ್ಟಿಯನ್ನು ಗೋಡೆಗೆ ತೂಗುಹಾಕಿದಳು.

"ಮೊದಲ ದಿನ ಬರಿಗೈಲಿ ಹೋಗ್ಬೇಕಂತೆ. ನಾಳೆ ಇದನ್ನ ತಗೊಂಡು ಹೋಗೋಕಾದ್ರೂ ಇವತ್ತು ನಾನು ಬರ್ಲೇಬೇಕಲ್ಲಮ್ಮ."

ಸೊಲಿಹಾ ರೊಟ್ಟಿಯನ್ನೇ ನೋಡುತ್ತ ನಿಂತಳು. "ಹಾಗಾದ್ರೆ ಅವರೂ ಬರ್ತೀನಿ ಅಂತಲೇ ಇಟ್ಟು ಹೋಗಿದ್ರು," ಎಂದಳು ಮೆಲ್ಲಗೆ.

ಅಂದು ಸಂಜೆ ಕೋಬಿಲ್ ಅಂಗಡಿಗೆ ಬೀಗ ಹಾಕುವಾಗ ಎಶ್‌ಮತ್‌ನ ಕಾರು ತುರ್ದಿಯ ಮನೆ ಮುಂದೆ ನಿಂತಿತು. ಮೋಹಿರಾ ಇಳಿದು, ಕೈಕಾಲು ಕೂಡ ತೊಳೆಯದೆ, ನೇರ ಗೋಡೆಯ ಹತ್ತಿರ ಹೋದಳು. ರೊಟ್ಟಿ ಇನ್ನೂ ಮೆತ್ತಗಿತ್ತು.